ಹಳೆಯ ಮೋಟಾರು ಗಾಡಿಗೆ ತಕ್ಕ ತಿರುಪುಮೊಳೆ

ದೊಡ್ಡ ಯಂತ್ರವೊಂದನ್ನು ಕಂಡಾಗ ನಮ್ಮ ದೃಷ್ಟಿ ಸಹಜವಾಗಿ ಅದರ ದೊಡ್ಡ ಭಾಗಗಳ ಮೇಲೆಯೇ ನಿಲ್ಲುತ್ತದೆ. ಮೋಟಾರು ಗಾಡಿಯಾದರೆ ಅದರ ಮಿರುಗುವ ಮೈ, ಚಕ್ರಗಳು, ದೀಪಗಳು, ಎಂಜಿನು ಇವನ್ನು ನೋಡಿ ಬೆರಗಾಗುತ್ತೇವೆ. ಈ ಭಾಗಗಳನ್ನೆಲ್ಲ ಒಂದಕ್ಕೊಂದು ಬಿಗಿದು ಹಿಡಿದು, ಬಿಡಿಬಿಡಿಯಾದ ಸಾವಿರಾರು ತುಂಡುಗಳನ್ನು ಒಂದು ಗಾಡಿಯನ್ನಾಗಿ ಮಾಡಿರುವ ಬೋಲ್ಟು, ನಟ್ಟು, ತಿರುಪುಮೊಳೆ, ವಾಷರುಗಳ ಕಡೆಗೆ ಕಣ್ಣು ಹಾಯಿಸುವವರು ವಿರಳ. ಆದರೆ ಈ ಸಣ್ಣ ವಸ್ತುಗಳಲ್ಲಿ ಒಂದು ಸಡಿಲವಾದರೆ ಗಾಡಿಯ ಚಕ್ರವೇ ಕಳಚಬಹುದು. ಒಂದು ತುಂಡಾದರೆ ಎಂಜಿನೇ ಒಡೆಯಬಹುದು.

ಅರವತ್ತು, ಎಪ್ಪತ್ತು, ನೂರು ವರ್ಷ ಹಿಂದಿನ ಕಾರುಗಳನ್ನು ಸಂಪೂರ್ಣವಾಗಿ ಬಿಚ್ಚಿ, ತೊಳೆದು, ದುರಸ್ತಿ ಮಾಡಿ, ಅವು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿದ್ದವೋ ಹಾಗೆಯೇ ಮರಳಿ ನಿಲ್ಲಿಸುವ ಕಾರ್ಯಕ್ಕೆ ಜೀರ್ಣೋದ್ಧಾರವೆಂಬ ಹೆಸರು ಒಪ್ಪುತ್ತದೆ. ಈ ಕಾರ್ಯದಲ್ಲಿ ಬಣ್ಣ ಬಳಿಯುವುದಾಗಲಿ, ಚರ್ಮದ ಆಸನ ಹೊಲಿಯುವುದಾಗಲಿ ಅತಿ ಕಠಿನವಾದುದಲ್ಲ. ಆಯಾ ರಂಧ್ರಕ್ಕೆ ಆಯಾ ಕಾಲದ, ಆಯಾ ಅಳತೆಯ, ಆಯಾ ಬಲದ ಸರಿಯಾದ ಬೋಲ್ಟನ್ನು ಗುರುತಿಸಿ ಹುಡುಕಿ ತರುವುದೇ ತಾಳ್ಮೆಯನ್ನು ಪರೀಕ್ಷಿಸುವ ಕೆಲಸ. ಅದು ಏಕೆ ಕಷ್ಟ, ಅದನ್ನು ಹೇಗೆ ಸಾಧಿಸುತ್ತಾರೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ತಿರುಪಿನ ಮೂರು ಲಕ್ಷಣಗಳು

ಮೊದಲು ತಿರುಪು ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ವಿದ್ಯಾರ್ಥಿಗಳು ಒಂದು ಕಾಗದವನ್ನು ಲಂಬಕೋನ ತ್ರಿಭುಜಾಕಾರವಾಗಿ ಕತ್ತರಿಸಿ, ಅದರ ಲಂಬವಾದ ಅಂಚನ್ನು ಪೆನ್ಸಿಲಿಗೆ ಹೊಂದಿಸಿ ಸುತ್ತಿ ನೋಡಲಿ. ತ್ರಿಭುಜದ ಓರೆಯಾದ ಬದಿಯು ಪೆನ್ಸಿಲಿನ ಮೇಲೆ ಮೆಟ್ಟಿಲಿಲ್ಲದ ಸುತ್ತುದಾರಿಯಂತೆ ಏರುತ್ತ ಹೋಗುವುದನ್ನು ಕಾಣಬಹುದು. ಇದೇ ತಿರುಪು. ಇಳಿಜಾರನ್ನು ಕಂಬಕ್ಕೆ ಸುತ್ತಿದರೆ ತಿರುಪಾಯಿತೆಂದು ಹೇಳಿದರೆ ತಪ್ಪಾಗದು.

ಯಾವುದೇ ತಿರುಪಿಗೆ ಮೂರು ಮುಖ್ಯ ಲಕ್ಷಣಗಳುಂಟು. ಮೊದಲನೆಯದು ಬೋಲ್ಟಿನ ವ್ಯಾಸ. ಎರಡನೆಯದು ಒಂದು ಏಣಿನ ತುದಿಯಿಂದ ಮುಂದಿನ ಏಣಿನ ತುದಿಗೆ ಇರುವ ದೂರ. ಇದನ್ನು ಪಿಚ್ಚು ಎನ್ನುವರು. ಮೆಟ್ರಿಕ್ ಪದ್ಧತಿಯಲ್ಲಿ ಪಿಚ್ಚನ್ನು ಮಿಲಿಮೀಟರುಗಳಲ್ಲಿ ಹೇಳುವರು. ಅಂಗುಲದ ಪದ್ಧತಿಯಲ್ಲಿ ಒಂದು ಅಂಗುಲದ ಉದ್ದದಲ್ಲಿ ಎಷ್ಟು ಏಣುಗಳಿವೆ ಎಂದು ಎಣಿಸುವರು. ಮೂರನೆಯದು ಏಣಿನ ಎರಡು ಇಳಿಜಾರುಗಳ ನಡುವಣ ಕೋನ. ಬೋಲ್ಟು ಮತ್ತು ನಟ್ಟು ಸರಿಯಾಗಿ ಕೂಡಬೇಕಾದರೆ ಈ ಮೂರೂ ಹೊಂದಿಕೆಯಾಗಬೇಕು. ಎರಡು ಹೊಂದಿ ಮೂರನೆಯದು ಹೊಂದದಿದ್ದರೆ ಬೋಲ್ಟು ಒಳಗೆ ಹೋದಂತೆ ತೋರುತ್ತದೆ. ಆದರೆ ಅದರ ಹಿಡಿತ ನಂಬಿಕೆಗೆ ಅರ್ಹವಾಗಿರುವುದಿಲ್ಲ. ಮುಂದೆ ಹೇಳುವ ತೊಡಕುಗಳಿಗೆಲ್ಲ ಇದೇ ಮೂಲ.

ನಾನಾ ದೇಶ, ನಾನಾ ತಿರುಪು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪ್ರತಿಯೊಂದು ಕಾರ್ಖಾನೆಯೂ ತನ್ನ ಇಷ್ಟದಂತೆ ತಿರುಪನ್ನು ಕೊರೆಯುತ್ತಿತ್ತು. ಒಂದು ಕಡೆ ಮಾಡಿದ ನಟ್ಟು ಮತ್ತೊಂದು ಕಡೆಯ ಬೋಲ್ಟಿಗೆ ಹೊಂದುತ್ತಿರಲಿಲ್ಲ. ೧೮೦೩ರಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಜನಿಸಿದ ಜೋಸೆಫ್ ವಿಟ್‌ವರ್ಥ್ ಎಂಬ ಯಂತ್ರಶಿಲ್ಪಿಯು ಅನೇಕ ಕಾರ್ಖಾನೆಗಳಿಂದ ತಿರುಪುಗಳನ್ನು ಸಂಗ್ರಹಿಸಿ, ಅಳೆದು, ಸರಾಸರಿ ತೆಗೆದು, ೧೮೪೧ರಲ್ಲಿ ಒಂದು ಏಕರೂಪದ ಪದ್ಧತಿಯನ್ನು ಎಂಜಿನಿಯರುಗಳ ಮುಂದಿಟ್ಟನು. ಆತನು ಗೊತ್ತುಪಡಿಸಿದ ಕೋನ ೫೫ ಡಿಗ್ರಿ. ಏಣಿನ ತುದಿಯೂ ಬುಡವೂ ಗುಂಡಾಗಿರಬೇಕೆಂಬುದು ಆತನ ನಿಯಮ. ರೈಲ್ವೆ ಕಂಪನಿಗಳು ಇದನ್ನು ಅಂಗೀಕರಿಸಿದ ಮೇಲೆ ಇದು ಬ್ರಿಟಿಷ್ ಸಾಮ್ರಾಜ್ಯದಲ್ಲೆಲ್ಲ ಹರಡಿತು. ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಇಂದಿಗೂ ನಮ್ಮ ಮನೆಗಳ ನೀರಿನ ನಲ್ಲಿಯ ತಿರುಪು ವಿಟ್‌ವರ್ಥನ ೫೫ ಡಿಗ್ರಿಯ ತಿರುಪೇ ಆಗಿದೆ.

ವಿಟ್‌ವರ್ಥನ ತಿರುಪು ದಪ್ಪವಾದುದು. ಕಾಲು ಅಂಗುಲದ ಬೋಲ್ಟಿಗೆ ಅಂಗುಲಕ್ಕೆ ೨೦ ಏಣುಗಳು ಮಾತ್ರ. ಸದಾ ಅದುರುವ ಮೋಟಾರು ಗಾಡಿಗಳಿಗೆ ಇನ್ನೂ ಸೂಕ್ಷ್ಮವಾದ ತಿರುಪು ಬೇಕೆಂದು ಕಂಡುಬಂದುದರಿಂದ ೧೯೦೮ರಲ್ಲಿ ಬ್ರಿಟಿಷ್ ಸೂಕ್ಷ್ಮ ತಿರುಪು, ಅಂದರೆ ಬಿ.ಎಸ್.ಎಫ್., ಆಚರಣೆಗೆ ಬಂದಿತು. ಇದರ ಕೋನವೂ ೫೫ ಡಿಗ್ರಿಯೇ. ಆದರೆ ಕಾಲು ಅಂಗುಲದ ಬೋಲ್ಟಿಗೆ ೨೬ ಏಣುಗಳು. ವಿದ್ಯುತ್ ಉಪಕರಣಗಳಿಗೂ ಅಳತೆಯ ಉಪಕರಣಗಳಿಗೂ ಬಿ.ಎ. ಎಂಬ ಮತ್ತೊಂದು ಪುಟ್ಟ ತಿರುಪಿನ ವಂಶವಿತ್ತು. ಇದನ್ನು ೧೮೮೪ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆಯ ಸಮಿತಿಯು ಸೂಚಿಸಿತು. ಇದರ ಕೋನ ನಲವತ್ತೇಳೂವರೆ ಡಿಗ್ರಿ.

ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ ಎಂಬಾತನು ೧೮೬೪ರಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ೬೦ ಡಿಗ್ರಿ ಕೋನದ ತಿರುಪನ್ನು ಪ್ರತಿಪಾದಿಸಿದನು. ಅದರ ಏಣಿನ ತುದಿ ಚಪ್ಪಟೆ. ಆದಕಾರಣ ಸಾಮಾನ್ಯ ಕೆಲಸಗಾರನೂ ಸುಲಭವಾಗಿ ಕೊರೆಯಬಹುದಾಗಿತ್ತು. ಯೂರೋಪು ಖಂಡದಲ್ಲಿ ಮೆಟ್ರಿಕ್ ತಿರುಪು ಬೆಳೆಯಿತು. ಅದರ ಕೋನವೂ ೬೦ ಡಿಗ್ರಿ.

ಈ ಭೇದದಿಂದಾಗುವ ಹಾನಿ ಎರಡನೆಯ ಮಹಾಯುದ್ಧದಲ್ಲಿ ಪ್ರತ್ಯಕ್ಷವಾಯಿತು. ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿಯು ತಯಾರಿಸಲು ಹೊರಟಾಗ, ಬ್ರಿಟಿಷ್ ತಿರುಪುಗಳನ್ನು ಕೊರೆಯುವ ಸಲಕರಣೆಗಳನ್ನೇ ಮೊದಲು ತಯಾರಿಸಿಕೊಳ್ಳಬೇಕಾಯಿತು. ಯುದ್ಧ ಮುಗಿದ ತರುವಾಯ, ೧೯೪೮ರ ನವೆಂಬರ್ ೧೮ರಂದು, ಬ್ರಿಟನ್, ಕೆನಡ ಮತ್ತು ಅಮೆರಿಕ ದೇಶಗಳು ವಾಷಿಂಗ್ಟನ್ನಿನಲ್ಲಿ ಒಪ್ಪಂದ ಮಾಡಿಕೊಂಡು ೬೦ ಡಿಗ್ರಿಯ ಏಕೀಕೃತ ತಿರುಪನ್ನು ಸ್ವೀಕರಿಸಿದವು. ಇದರಲ್ಲಿ ದಪ್ಪ ಜಾತಿಗೆ ಯು.ಎನ್.ಸಿ. ಎಂದೂ ಸೂಕ್ಷ್ಮ ಜಾತಿಗೆ ಯು.ಎನ್.ಎಫ್. ಎಂದೂ ಹೆಸರು. ಬ್ರಿಟಿಷ್ ಮೋಟಾರು ಕಾರ್ಖಾನೆಗಳು ೧೯೫೦ರ ದಶಕದಲ್ಲಿ ಕ್ರಮಕ್ರಮವಾಗಿ ಇದಕ್ಕೆ ತಿರುಗಿದವು. ಮುಂದೆ ಮೆಟ್ರಿಕ್ ಪದ್ಧತಿಗೆ ಬಂದವು. ಹೀಗಾಗಿ ಒಂದು ಬ್ರಿಟಿಷ್ ಕಾರಿನ ಬೋಲ್ಟನ್ನು ನೋಡಿ ಅದರ ಕಾಲವನ್ನು ಊಹಿಸಲು ಸಾಧ್ಯ. ಶಾಸನದ ಲಿಪಿಯನ್ನು ನೋಡಿ ಶತಮಾನವನ್ನು ಹೇಳುವ ವಿದ್ವಾಂಸನ ಕೆಲಸಕ್ಕೂ ಇದಕ್ಕೂ ಹೋಲಿಕೆಯುಂಟು.

ಒಂದೇ ಗಾಡಿಯಲ್ಲಿ ನಾಲ್ಕು ಪದ್ಧತಿ

ಈ ವಿಷಯವನ್ನು ಒಂದು ನಿಜವಾದ ಉದಾಹರಣೆಯಿಂದ ನೋಡೋಣ. ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದಲ್ಲಿ ೧೯೪೫ರಿಂದ ೧೯೪೯ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಎಂಬ ಎರಡು ಆಸನದ ಪುಟ್ಟ ಕಾರು ಲೋಕಪ್ರಸಿದ್ಧವಾದುದು. ಸುಮಾರು ಹತ್ತು ಸಾವಿರ ಗಾಡಿಗಳು ತಯಾರಾದವು. ಜೀರ್ಣೋದ್ಧಾರಕರಿಗೆ ಇದು ಅಚ್ಚುಮೆಚ್ಚಿನ ಗಾಡಿ. ಹಾಗೆಯೇ ತಲೆನೋವಿನ ಗಾಡಿಯೂ ಹೌದು.

ಇದರ ಅಡಿಚೌಕಟ್ಟಿನ ಬೋಲ್ಟುಗಳು ಬಿ.ಎಸ್.ಎಫ್. ಪದ್ಧತಿಯವು. ವಿದ್ಯುತ್ ಉಪಕರಣಗಳ ಪುಟ್ಟ ತಿರುಪುಗಳು ಬಿ.ಎ. ಪದ್ಧತಿಯವು. ಕೊಳವೆಯ ಕೂಡಿಕೆಗಳಿಗೆ ಬ್ರಿಟಿಷ್ ಕೊಳವೆಯ ತಿರುಪು. ಮೈಯ ಒಳಗಿನ ಚೌಕಟ್ಟು ಮರದ್ದಾದುದರಿಂದ ಅಲ್ಲಿ ಬಡಗಿಯ ತಿರುಪುಮೊಳೆಗಳೂ ಇವೆ. ಆದರೆ ೧೨೫೦ ಘನ ಸೆಂಟಿಮೀಟರಿನ ಎಂಜಿನ್ನಿಗೆ ಬಂದರೆ ಅಲ್ಲಿರುವುದು ಮೆಟ್ರಿಕ್ ತಿರುಪು! ಅಂಗುಲವನ್ನೇ ಆರಾಧಿಸುತ್ತಿದ್ದ ಇಂಗ್ಲೆಂಡಿನಲ್ಲಿ ಇದು ಹೇಗೆ ಬಂದಿತು?

ಇದರ ಹಿಂದೆ ಒಂದು ಕುತೂಹಲಕರವಾದ ಇತಿಹಾಸವಿದೆ. ಫ್ರಾನ್ಸಿನ ಹಾಚ್‌ಕಿಸ್ ಎಂಬ ಶಸ್ತ್ರಾಸ್ತ್ರ ಕಂಪನಿಯು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಮೆಷಿನ್‌ಗನ್ ಕಾರ್ಖಾನೆಯನ್ನು ತೆರೆದಿತ್ತು. ಯುದ್ಧಾನಂತರ ಅಲ್ಲಿ ಮಾರಿಸ್ ಕಾರುಗಳಿಗಾಗಿ ಎಂಜಿನುಗಳನ್ನು ಮಾಡತೊಡಗಿದರು. ೧೯೨೩ರಲ್ಲಿ ವಿಲಿಯಂ ಮಾರಿಸ್‌ನು ಆ ಕಾರ್ಖಾನೆಯನ್ನೇ ಕೊಂಡುಕೊಂಡನು. ಯಂತ್ರಗಳೆಲ್ಲ ಫ್ರೆಂಚ್ ಮೆಟ್ರಿಕ್ ತಿರುಪನ್ನು ಕೊರೆಯುವಂಥವು. ಅವನ್ನು ಬದಲಿಸಲು ಅಪಾರ ವೆಚ್ಚ. ಆದರೆ ಗಿರಾಕಿಗಳ ಕೈಯಲ್ಲಿದ್ದ ಸ್ಪ್ಯಾನರುಗಳೆಲ್ಲ ವಿಟ್‌ವರ್ಥ್ ಅಳತೆಯವು. ಆದುದರಿಂದ ಕಂಪನಿಯು ಒಂದು ಮಧ್ಯಮ ಮಾರ್ಗವನ್ನು ಹಿಡಿಯಿತು: ತಿರುಪು ಮೆಟ್ರಿಕ್, ತಲೆ ವಿಟ್‌ವರ್ಥ್. ಈ ಅರ್ಧನಾರೀಶ್ವರ ಬೋಲ್ಟು ಮಾರಿಸ್ ಎಂಜಿನುಗಳಲ್ಲಿ ದಶಕಗಳ ಕಾಲ ಮುಂದುವರಿಯಿತು. ಮಾರಿಸ್ ಬಳಗಕ್ಕೆ ಸೇರಿದ ಎಂ.ಜಿ.ಗೂ ಬಂದಿತು.

ಇದರಿಂದ ಒದಗುವ ಅಪಾಯವನ್ನು ಲೆಕ್ಕದಿಂದ ತಿಳಿಯಬಹುದು. ಟಿ.ಸಿ. ಎಂಜಿನ್ನಿನಲ್ಲಿ ಹೆಚ್ಚಾಗಿರುವ ಒಂದು ಬೋಲ್ಟಿನ ವ್ಯಾಸ ೮ ಮಿಲಿಮೀಟರು, ಪಿಚ್ಚು ೧ ಮಿಲಿಮೀಟರು. ಅದೇ ಗಾಡಿಯ ಚೌಕಟ್ಟಿನಲ್ಲಿರುವ ೫/೧೬ ಅಂಗುಲದ ಬಿ.ಎಸ್.ಎಫ್. ಬೋಲ್ಟಿನ ವ್ಯಾಸ ೭.೯೪ ಮಿಲಿಮೀಟರು, ಅಂಗುಲಕ್ಕೆ ೨೨ ಏಣುಗಳಾದುದರಿಂದ ಅದರ ಪಿಚ್ಚು ೧.೧೫ ಮಿಲಿಮೀಟರು. ಎರಡಕ್ಕೂ ಒಂದೇ ಸ್ಪ್ಯಾನರು ಹಿಡಿಯುತ್ತದೆ. ಕಣ್ಣಿಗೆ ಎರಡೂ ಅವಳಿ ಮಕ್ಕಳಂತೆ. ಬಿ.ಎಸ್.ಎಫ್. ಬೋಲ್ಟನ್ನು ಎಂಜಿನ್ನಿನ ರಂಧ್ರಕ್ಕೆ ಇಟ್ಟರೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಮೂರನೆಯ ಸುತ್ತಿಗೆ ಬೋಲ್ಟು ಸುಮಾರು ಮೂರೂವರೆ ಮಿಲಿಮೀಟರು ಮುಂದುವರಿಯಬೇಕೆನ್ನುತ್ತದೆ. ರಂಧ್ರವು ಮೂರೇ ಮಿಲಿಮೀಟರು ಎನ್ನುತ್ತದೆ. ಅಲ್ಲಿಗೆ ಬಿಗಿಯಾಗುತ್ತದೆ. ತಿಳಿಯದವನು ಇದನ್ನು ತುಕ್ಕೆಂದು ಭಾವಿಸಿ ಬಲಪ್ರಯೋಗ ಮಾಡುತ್ತಾನೆ. ಆಗ ಎಂಜಿನ್ನಿನ ಕೆಳಗಿರುವ ಅಲ್ಯೂಮಿನಿಯಂ ಎಣ್ಣೆತೊಟ್ಟಿಯಂತಹ ಮೃದುವಾದ ಭಾಗದ ತಿರುಪು ಕಿತ್ತುಹೋಗುತ್ತದೆ. ಎಂಬತ್ತು ವರ್ಷ ಬದುಕಿದ ಭಾಗ ಅರ್ಧ ನಿಮಿಷದಲ್ಲಿ ಹಾಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹಾಗಾದರೆ ಇಂದಿನ ಅಂಗಡಿಯಿಂದ ೮ ಮಿಲಿಮೀಟರಿನ ಬೋಲ್ಟನ್ನು ತಂದರಾಗದೇ? ಆಗದು. ಇಂದು ಸಾಮಾನ್ಯವಾಗಿ ದೊರೆಯುವ ೮ ಮಿಲಿಮೀಟರು ಬೋಲ್ಟಿನ ಪಿಚ್ಚು ೧.೨೫ ಮಿಲಿಮೀಟರು. ಅದೂ ಹೊಂದದು. ಸೂಕ್ಷ್ಮ ಪಿಚ್ಚಿನ ಬೋಲ್ಟನ್ನೇ ಕೇಳಿ ತರಿಸಬೇಕು. ಅದು ಸಿಕ್ಕರೂ ಅದರ ತಲೆ ಇಂದಿನ ಮೆಟ್ರಿಕ್ ಅಳತೆಯದಾಗಿರುತ್ತದೆ. ಮೂಲದ ರೂಪ ಬೇಕಾದವರು ಸರಿಯಾದ ತಲೆಯನ್ನೂ ಹುಡುಕಬೇಕಾಗುತ್ತದೆ.

ಬೋಲ್ಟನ್ನು ಓದುವ ಕ್ರಮ

ಅನುಭವಿಗಳು ಅನುಸರಿಸುವ ಕ್ರಮ ಹೀಗಿದೆ. ಗಾಡಿಯನ್ನು ಬಿಚ್ಚುವಾಗ ಒಂದು ವಾಷರನ್ನೂ ಎಸೆಯಬಾರದು. ಎಷ್ಟೇ ತುಕ್ಕು ಹಿಡಿದಿರಲಿ, ಅದು ಸಾಕ್ಷಿ. ಪ್ರತಿಯೊಂದನ್ನೂ ಬೇರೆ ಬೇರೆ ಚೀಲದಲ್ಲಿಟ್ಟು, ಯಾವ ಭಾಗದ ಯಾವ ರಂಧ್ರದ್ದೆಂದು ಬರೆದಿಡಬೇಕು. ನೀರಿನ ಪಂಪಿನಂತಹ ಭಾಗಗಳಲ್ಲಿ ಬೋಲ್ಟುಗಳ ಉದ್ದ ಬೇರೆ ಬೇರೆ ಇರುವುದರಿಂದ, ರಟ್ಟಿನ ಮೇಲೆ ಆ ಭಾಗದ ಆಕೃತಿಯನ್ನು ಬರೆದು, ರಂಧ್ರಗಳಿರುವೆಡೆ ಚುಚ್ಚಿ, ಬೋಲ್ಟುಗಳನ್ನು ಅಲ್ಲಿಯೇ ಸಿಕ್ಕಿಸಿಡುವುದು ಉತ್ತಮ ಉಪಾಯ. ಈ ಕೆಲಸಕ್ಕೆ ಹಣ ಬೇಡ, ಶಿಸ್ತು ಬೇಕು.

ಅನಂತರ ಎಣ್ಣೆಯಲ್ಲಿ ನೆನೆಸಿ, ಮೆತ್ತನೆಯ ಕುಂಚದಿಂದ ತಿಕ್ಕಿ, ಅಳೆಯಬೇಕು. ವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯುವರು. ಪಿಚ್ಚನ್ನು ನೋಡಲು ಗರಗಸದ ಹಲ್ಲಿನಂತಿರುವ ತೆಳುಹಾಳೆಗಳ ಒಂದು ಮಾಪಕವುಂಟು. ಅದರ ಹಲ್ಲುಗಳನ್ನು ಬೋಲ್ಟಿನ ಏಣುಗಳಿಗೆ ಕೂಡಿಸಿ ಬೆಳಕಿಗೆ ಹಿಡಿದಾಗ ಎಲ್ಲಿಯೂ ಬೆಳಕು ತೂರದಿದ್ದರೆ ಅದು ಸರಿಯಾದ ಹಾಳೆ. ಪಿಚ್ಚು ಹೊಂದಿ ಕೋನ ಹೊಂದದಿದ್ದರೆ ಇಳಿಜಾರಿನಲ್ಲಿ ತೆಳ್ಳನೆಯ ಬೆಳಕಿನ ಗೆರೆ ಕಾಣುತ್ತದೆ. ಈ ಗೆರೆಯನ್ನು ನಿರ್ಲಕ್ಷಿಸಬಾರದು. ಕಾಲು ಅಂಗುಲದ ವಿಟ್‌ವರ್ಥ್ ಬೋಲ್ಟಿಗೂ ಕಾಲು ಅಂಗುಲದ ಯು.ಎನ್.ಸಿ. ಬೋಲ್ಟಿಗೂ ೨೦ ಏಣುಗಳೇ; ಭೇದವಿರುವುದು ೫೫ ಮತ್ತು ೬೦ ಡಿಗ್ರಿಗಳಲ್ಲಿ. ಬಿ.ಎ. ಪದ್ಧತಿಯ ಸೊನ್ನೆ ಸಂಖ್ಯೆಯ ತಿರುಪಿಗೂ ೬ ಮಿಲಿಮೀಟರಿನ ಮೆಟ್ರಿಕ್ ತಿರುಪಿಗೂ ವ್ಯಾಸ ಒಂದೇ, ಪಿಚ್ಚೂ ಒಂದೇ. ಕೋನ ಮಾತ್ರ ಬೇರೆ. ಇಂತಹವು ಒಂದರೊಳಗೊಂದು ಹೋಗುತ್ತವೆ. ಆದರೆ ಇಳಿಜಾರಿನ ಸಣ್ಣ ಭಾಗವಷ್ಟೇ ಭಾರವನ್ನು ಹೊರುತ್ತದೆ.

ತಲೆಯ ಅಳತೆಯೂ ಮಾತನಾಡುತ್ತದೆ. ವಿಟ್‌ವರ್ಥ್ ಸ್ಪ್ಯಾನರಿನ ಮೇಲೆ ೧/೪ ಎಂದು ಬರೆದಿದ್ದರೆ ಅದು ಸ್ಪ್ಯಾನರಿನ ಬಾಯಿಯ ಅಗಲವಲ್ಲ, ಬೋಲ್ಟಿನ ಕಾಂಡದ ವ್ಯಾಸ. ಬಾಯಿಯ ನಿಜವಾದ ಅಗಲ ೦.೫೨೫ ಅಂಗುಲ, ಅಂದರೆ ೧೩.೩ ಮಿಲಿಮೀಟರು. ಇಂದಿನ ೧೩ರ ಸ್ಪ್ಯಾನರು ಇದಕ್ಕೆ ಹೋಗದು, ೧೪ರದು ಸಡಿಲವಾಗಿ ತಲೆಯ ಮೂಲೆಗಳನ್ನು ಸವೆಸುತ್ತದೆ. ಬಿ.ಎಸ್.ಎಫ್. ಬೋಲ್ಟಿನ ತಲೆ ಅದೇ ವ್ಯಾಸದ ಹಳೆಯ ವಿಟ್‌ವರ್ಥ್ ತಲೆಗಿಂತ ಒಂದು ಅಳತೆ ಚಿಕ್ಕದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕನ್ನು ಉಳಿಸುವ ಸಲುವಾಗಿ ವಿಟ್‌ವರ್ಥ್ ತಲೆಯನ್ನೂ ಅದೇ ಅಳತೆಗೆ ಇಳಿಸಿದರು. ಆದಕಾರಣ ದೊಡ್ಡ ತಲೆಯ ವಿಟ್‌ವರ್ಥ್ ಬೋಲ್ಟು ಕಂಡರೆ ಅದು ಯುದ್ಧಪೂರ್ವದ ಪದ್ಧತಿಯದೆಂದು ಊಹಿಸಬಹುದು.

ತಿರುಪುಮೊಳೆಯ ತಲೆಯ ಸೀಳೂ ಒಂದು ಸುಳಿವು. ಅಡ್ಡ ಸೀಳು ಹಳೆಯ ಪದ್ಧತಿ. ನಕ್ಷತ್ರದಂತೆ ಕೂಡಿದ ಗುಣಾಕಾರ ಚಿಹ್ನೆಯ ಫಿಲಿಪ್ಸ್ ತಲೆಯು ೧೯೩೦ರ ದಶಕದ ನಡುವಿನಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿತು. ಅದಕ್ಕೂ ಹಿಂದಿನ ಗಾಡಿಯಲ್ಲಿ ಫಿಲಿಪ್ಸ್ ತಲೆ ಕಂಡರೆ ಯಾರೋ ಆಮೇಲೆ ಹಾಕಿದ್ದೆಂದು ನಿರ್ಧರಿಸಬಹುದು.

ತಲೆಯ ಮೇಲಿನ ಬರಹ

ಬೋಲ್ಟಿನ ತಲೆಯ ಮೇಲಿರುವ ಅಕ್ಷರ, ಅಂಕಿ, ಗೆರೆಗಳು ಅಲಂಕಾರಕ್ಕಲ್ಲ. ಕೆಲವು ತಯಾರಕರ ಮುದ್ರೆಗಳು. ಬ್ರಿಟಿಷ್ ಬೋಲ್ಟುಗಳ ಮೇಲೆ ಜಿ.ಕೆ.ಎನ್., ಬೀಸ್, ನ್ಯೂವಾಲ್ ಮೊದಲಾದ ಹೆಸರುಗಳನ್ನು ಕಾಣಬಹುದು. ಇವುಗಳ ತಯಾರಿಕೆಗೆ ಇಂಗ್ಲೆಂಡಿನ ಡಾರ್ಲಾಸ್ಟನ್ ಪಟ್ಟಣವು ಬಹು ಪ್ರಸಿದ್ಧವಾಗಿತ್ತು. ಏಕೀಕೃತ ತಿರುಪಿನ ಬ್ರಿಟಿಷ್ ಬೋಲ್ಟಿನ ತಲೆಯಲ್ಲಿ ಉರುಟಾದ ತಗ್ಗು ಇರುತ್ತದೆ, ಅಥವಾ ಒಂದಕ್ಕೊಂದು ತಾಗಿದ ಪುಟ್ಟ ವೃತ್ತಗಳ ಸಾಲು ಇರುತ್ತದೆ. ೧೯೪೮ರ ಒಪ್ಪಂದದ ಗುರುತು ಹೀಗೆ ಉಕ್ಕಿನ ಮೇಲೆಯೇ ಉಳಿದುಬಂದಿದೆ.

ಮಿಕ್ಕ ಗುರುತುಗಳು ಬಲವನ್ನು ಹೇಳುತ್ತವೆ. ಬ್ರಿಟಿಷ್ ಪದ್ಧತಿಯಲ್ಲಿ ಆರ್ ಎಂಬ ಅಕ್ಷರಕ್ಕೆ ಚದರ ಅಂಗುಲಕ್ಕೆ ೪೫ ಟನ್ನಿನ ಎಳೆತವನ್ನು ತಾಳುವ ಉಕ್ಕೆಂದೂ, ಟಿ ಎಂಬ ಅಕ್ಷರಕ್ಕೆ ೫೫ ಟನ್ನೆಂದೂ ಅರ್ಥ. ಅಮೆರಿಕದ ಬೋಲ್ಟಿನ ತಲೆಯ ಮೇಲೆ ಮೂರು ಗೆರೆಗಳಿದ್ದರೆ ಐದನೆಯ ದರ್ಜೆ, ಆರು ಗೆರೆಗಳಿದ್ದರೆ ಎಂಟನೆಯ ದರ್ಜೆ. ಹಳೆಯ ಜರ್ಮನ್ ಗಾಡಿಗಳಲ್ಲಿ ೮ ಜಿ ಎಂದಿದ್ದದ್ದು ಇಂದಿನ ೮.೮ಕ್ಕೆ ಸಮ. ಈ ೮.೮ ಎಂಬುದರ ಅರ್ಥವನ್ನು ವಿದ್ಯಾರ್ಥಿಗಳು ಸುಲಭವಾಗಿ ಗುಣಿಸಿ ತಿಳಿಯಬಹುದು. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ೮೦೦. ಚದರ ಮಿಲಿಮೀಟರಿಗೆ ಅಷ್ಟು ನ್ಯೂಟನ್, ಅಂದರೆ ಸುಮಾರು ೮೦ ಕಿಲೋಗ್ರಾಂ ತೂಕದ ಎಳೆತವನ್ನು ತಾಳುವ ಶಕ್ತಿ. ಎರಡು ಅಂಕಿಗಳನ್ನು ಪರಸ್ಪರ ಗುಣಿಸಿ ಹತ್ತರಿಂದ ಗುಣಿಸಿದರೆ ೬೪೦. ಆ ಎಳೆತವನ್ನು ದಾಟಿದರೆ ಬೋಲ್ಟು ಹಿಗ್ಗಿ, ಮತ್ತೆ ಮೊದಲಿನ ಉದ್ದಕ್ಕೆ ಬಾರದು.

ಇದು ಏಕೆ ಮುಖ್ಯ? ಬಿಗಿದ ಬೋಲ್ಟು ಎಳೆದ ಸ್ಪ್ರಿಂಗಿನಂತೆ. ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿ, ಮರಳಿ ಕುಗ್ಗಲು ಯತ್ನಿಸುವುದರಿಂದಲೇ ಎರಡು ಭಾಗಗಳನ್ನು ಹಿಡಿದಿಡುತ್ತದೆ. ಮಿತಿಮೀರಿ ಹಿಗ್ಗಿದ ಬೋಲ್ಟಿಗೆ ಈ ಗುಣವಿಲ್ಲ. ಹೊಳೆಯುವ ತುಕ್ಕುರಹಿತ ಉಕ್ಕಿನ ಬೋಲ್ಟನ್ನು ಕಂಡು ಅದೇ ಹೆಚ್ಚು ಗಟ್ಟಿಯೆಂದು ಅನೇಕರು ಭ್ರಮಿಸುತ್ತಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ೨-೭೦ ಎಂಬ ಗುರುತಿನ ಅಂತಹ ಬೋಲ್ಟು ೪೫೦ ನ್ಯೂಟನ್ನಿಗೇ ಮಣಿಯುತ್ತದೆ. ಬ್ರೇಕು, ಸ್ಟಿಯರಿಂಗುಗಳಲ್ಲಿ ಮೂಲದ ಗಟ್ಟಿ ಬೋಲ್ಟಿನ ಸ್ಥಾನದಲ್ಲಿ ಅದನ್ನು ಹಾಕುವುದು ಪ್ರಾಣಕ್ಕೇ ಸಂಚಕಾರ. ಅಂದವೇ ಬಲವಲ್ಲ.

ಎಲ್ಲಿ ಹುಡುಕಬೇಕು

ಗುರುತಿಸಿದ್ದಾಯಿತು, ಇನ್ನು ಸಂಪಾದನೆ. ಮೊದಲ ಆಧಾರ ಕಾರ್ಖಾನೆಯವರು ಮುದ್ರಿಸಿದ ಬಿಡಿಭಾಗಗಳ ಪಟ್ಟಿ. ಅದರಲ್ಲಿ ಪ್ರತಿ ಬೋಲ್ಟಿಗೂ ಸಂಖ್ಯೆಯುಂಟು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಪಟ್ಟಿಯಲ್ಲಿ ಎಚ್.ಬಿ.ಝಡ್. ೦೫೨೦ ಎಂಬ ಸಂಖ್ಯೆಯನ್ನು ನೋಡಿರಿ. ಎಚ್ ಮತ್ತು ಬಿ ಎಂದರೆ ಷಟ್ಕೋನ ತಲೆಯ ಬೋಲ್ಟು. ಝಡ್ ಎಂದರೆ ಯು.ಎನ್.ಎಫ್. ತಿರುಪು. ಮೊದಲ ಎರಡು ಅಂಕಿಗಳು ವ್ಯಾಸವನ್ನು ಅಂಗುಲದ ಹದಿನಾರನೆಯ ಭಾಗಗಳಲ್ಲಿಯೂ, ಕೊನೆಯ ಎರಡು ಅಂಕಿಗಳು ಉದ್ದವನ್ನು ಎಂಟನೆಯ ಭಾಗಗಳಲ್ಲಿಯೂ ಹೇಳುತ್ತವೆ. ಅಂದರೆ ವ್ಯಾಸ ೫/೧೬ ಅಂಗುಲ; ಉದ್ದ ೨೦/೮, ಎಂದರೆ ಎರಡೂವರೆ ಅಂಗುಲ. ಸಂಕೇತವನ್ನು ಬಿಡಿಸಲು ಕಲಿತವನಿಗೆ ಪಟ್ಟಿಯೇ ಗುರು.

ಎರಡನೆಯ ಮೂಲ ಓಡಲಾರದೆ ಬಿದ್ದಿರುವ ಅದೇ ಜಾತಿಯ ಇನ್ನೊಂದು ಗಾಡಿ. ಮೂರನೆಯದು ಹಳೆಯ ಅಂಗಡಿಗಳ ಅಟ್ಟದಲ್ಲಿ ಬಳಸದೆ ಉಳಿದ ಆ ಕಾಲದ ದಾಸ್ತಾನು. ನಾಲ್ಕನೆಯದು ಆಯಾ ಗಾಡಿಯ ಅಭಿಮಾನಿಗಳ ಸಂಘಗಳು. ಅವು ಅಳತೆಗಳನ್ನು ಸಂಗ್ರಹಿಸಿ ಹೊಸದಾಗಿ ಮಾಡಿಸುವುದೂ ಉಂಟು. ಐದನೆಯದು ಲೇತಿನ ಮೇಲೆ ಹೊಸದಾಗಿ ಕಡೆಯಿಸುವುದು. ಇವೆಲ್ಲಕ್ಕಿಂತ ಮೊದಲು ತನ್ನದೇ ತುಕ್ಕಿನ ಡಬ್ಬಿಯನ್ನು ಶೋಧಿಸಬೇಕು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ ಆಗಬಾರದು. ತುಕ್ಕು ಬಿಡಿಸಿ ಮರುಲೇಪ ಕೊಟ್ಟರೆ ಅಲ್ಲಿರುವ ಅರ್ಧಕ್ಕರ್ಧ ಮತ್ತೆ ಬಳಕೆಗೆ ಬರಬಹುದು.

ಲೇಪದ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಹಳೆಯ ಗಾಡಿಗಳ ಅನೇಕ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪವಿತ್ತು. ಅದು ವಿಷ, ಅಂತಹ ಬೋಲ್ಟನ್ನು ಬೆಂಕಿಯಲ್ಲಿ ಕಾಯಿಸಿದರೆ ಹೊಗೆ ಶ್ವಾಸಕೋಶಕ್ಕೆ ಮಾರಕ. ಎಳೆಯರು ಅದನ್ನು ಮುಟ್ಟಲೇಕೂಡದು. ಎರಡನೆಯದಾಗಿ, ಬಹು ಗಟ್ಟಿಯಾದ ಬೋಲ್ಟನ್ನು ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಲೇಪ ಕೊಡುವಾಗ ಜಲಜನಕವು ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಅಂತಹ ಬೋಲ್ಟು ಬಿಗಿದ ಕೆಲವು ಗಂಟೆಗಳ ಅಥವಾ ದಿನಗಳ ತರುವಾಯ ಮುನ್ಸೂಚನೆಯಿಲ್ಲದೆ ತುಂಡಾಗಬಹುದು. ಆದುದರಿಂದ ಲೇಪವಾದ ಕೂಡಲೆ ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹಲವು ಗಂಟೆ ಇಟ್ಟು ಜಲಜನಕವನ್ನು ಹೊರದೂಡುವರು.

ಮೂಲವೋ ಪ್ರಾಣವೋ

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಮೂಲದ ಬೋಲ್ಟೇ ಇರಬೇಕೆಂಬ ಹಟವನ್ನು ಎಲ್ಲಿಯವರೆಗೆ ಸಾಧಿಸಬೇಕು? ದೀಪದ ಕಂಬ, ಮುಂಬಾಗಿಲಿನ ಮುಚ್ಚಳ, ಹೆಸರಿನ ಫಲಕ ಇಂತಹ ಕಡೆ ಹಳೆಯ ಬೋಲ್ಟು ಸವೆದಿದ್ದರೂ ಉಳಿಸಿಕೊಳ್ಳುವುದು ಯುಕ್ತ; ಅದು ಇತಿಹಾಸ. ಆದರೆ ಎಂಜಿನ್ನಿನ ಕನೆಕ್ಟಿಂಗ್ ರಾಡು, ಬ್ರೇಕು, ಸ್ಟಿಯರಿಂಗು, ಚಕ್ರ ಈ ಸ್ಥಾನಗಳಲ್ಲಿ ಲಕ್ಷಾಂತರ ಬಾರಿ ಎಳೆತ ಕಂಡ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅಲ್ಲಿ ಅದೇ ತಿರುಪಿನ, ಅದಕ್ಕೆ ಕಡಿಮೆಯಿಲ್ಲದ ಬಲದ, ವಿಶ್ವಾಸಾರ್ಹ ತಯಾರಕರ ಹೊಸ ಬೋಲ್ಟನ್ನು ಹಾಕಿ, ಹಾಕಿದುದನ್ನು ಪುಸ್ತಕದಲ್ಲಿ ಬರೆದಿಟ್ಟು, ಹಳೆಯದನ್ನು ಚೀಟಿ ಸಹಿತ ಪೆಟ್ಟಿಗೆಯಲ್ಲಿರಿಸುವುದು ವಿವೇಕ. ಸತ್ಯಕ್ಕೂ ಲೋಪವಿಲ್ಲ, ಪ್ರಾಣಕ್ಕೂ ಭಯವಿಲ್ಲ. ಹೊಸ ಬೋಲ್ಟಿನ ತಲೆಯ ಮೇಲೆ ಹಳೆಯ ಮುದ್ರೆಯನ್ನು ಕೆತ್ತಿ ಹಳೆಯದೆಂದು ಮಾರುವವರೂ ಲೋಕದಲ್ಲಿದ್ದಾರೆ. ಇಂತಹ ವಂಚನೆಯಿಂದ ಹಣ ಹೋಗುವುದಷ್ಟೇ ಅಲ್ಲ, ಮುದ್ರೆ ಹೇಳಿದ ಬಲ ಬೋಲ್ಟಿನಲ್ಲಿ ಇಲ್ಲದೆಹೋದರೆ ಜೀವವೂ ಹೋದೀತು.

ಈ ವಿದ್ಯೆ ದೂರದ ಇಂಗ್ಲೆಂಡಿಗಷ್ಟೇ ಸಂಬಂಧಿಸಿದುದಲ್ಲ. ಬಂಗಾಳದ ಉತ್ತರಪಾರಾದಲ್ಲಿ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರು ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಆವೃತ್ತಿಯ ಸಂತತಿ. ಅದರ ಬ್ರಿಟಿಷ್ ವಿನ್ಯಾಸದ ಹಳೆಯ ಎಂಜಿನ್ನಿನಲ್ಲಿ ಏಕೀಕೃತ ತಿರುಪಿದೆ. ೧೯೯೦ರ ದಶಕದಲ್ಲಿ ಬಂದ ಇಸುಜು ಎಂಜಿನ್ನಿನಲ್ಲಿ ಮೆಟ್ರಿಕ್ ತಿರುಪಿದೆ. ಫಿಯೆಟ್ ಸಂತತಿಯ ಪ್ರೀಮಿಯರ್ ಪದ್ಮಿನಿಯಾದರೋ ಮೆಟ್ರಿಕ್. ನಮ್ಮ ದೇಶವು ೧೯೫೬ರ ಶಾಸನದಿಂದ ಮೆಟ್ರಿಕ್ ಅಳತೆಯನ್ನು ಸ್ವೀಕರಿಸಿತಾದರೂ ಹಳೆಯ ಯಂತ್ರಗಳು ತಮ್ಮ ಹುಟ್ಟಿನ ಅಳತೆಯನ್ನು ಬಿಟ್ಟಿಲ್ಲ. ಅಜ್ಜಿಯ ಕಾಲದ ಸಿಂಗರ್ ಹೊಲಿಗೆ ಯಂತ್ರವಿದ್ದರೆ ಅದರ ತಿರುಪು ಈ ಯಾವ ಪದ್ಧತಿಗೂ ಸೇರದ, ಆ ಕಂಪನಿಯದೇ ಆದ ತಿರುಪು. ಅಂತಹ ಯಂತ್ರದಿಂದ ಒಂದು ತಿರುಪುಮೊಳೆ ಬಿದ್ದರೆ ಕೈಗೆ ಸಿಕ್ಕಿದ್ದನ್ನು ತುರುಕದೆ, ನೆಲವನ್ನು ಗುಡಿಸಿ ಬಿದ್ದದ್ದನ್ನೇ ಹುಡುಕುವುದು ಜಾಣತನ.

ಮಕ್ಕಳು ಮನೆಯಲ್ಲಿ ಯಾವುದಾದರೂ ಯಂತ್ರವನ್ನು ಹಿರಿಯರ ಸಮ್ಮುಖದಲ್ಲಿ ಬಿಚ್ಚುವ ಸಂದರ್ಭ ಬಂದಾಗ ಇಷ್ಟನ್ನು ಮಾಡಲಿ: ಪ್ರತಿ ಬೋಲ್ಟನ್ನೂ ಅದರ ಸ್ಥಾನದ ಹೆಸರು ಬರೆದು ಇಡಲಿ, ಮರಳಿ ಹಾಕುವಾಗ ಮೊದಲ ನಾಲ್ಕು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಲಿ, ಬೆರಳಿಗೆ ತಿರುಗದಿದ್ದರೆ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳದೆ, ಹೊರತೆಗೆದು, ಅಳೆದು ನೋಡಲಿ. ಸರಿಯಾದ ಬೋಲ್ಟು ಸರಿಯಾದ ರಂಧ್ರದಲ್ಲಿ ಬಲಾತ್ಕಾರವಿಲ್ಲದೆ ಹೋಗುತ್ತದೆ.